ಬೆಂಕಿಯ ಪಾಲಿನ ನೀರು

ಬಿ.ಎಡ್. ಮುಗಿದ ವರ್ಷವೇ ನನಗೆ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಆಗ ನನಗೆ ಇಪ್ಪತ್ಮೂರು ವರ್ಷ. ಬೆಳಗಾವಿಯ ತಿಲಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರ, ಅಣ್ಣ ಮತ್ತು ವೈನಿಯ, ಅಂದರೆ ಅತ್ತಿಗೆಯ, ಜೊತೆಗಿದ್ದೆ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಸಿಕ್ಕರೆ ಗಾಡಿ, ತಪ್ಪಿದರೆ ಬಸ್ಸು. ವೈನಿ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದರೆ ದೇಸೂರು ದಾಟುವುದರೊಳಗೆ ಆ ದಿನದ ಪಾಠವನ್ನು ಮನಸ್ಸಿನಲ್ಲೇ ಒಂದು ಸಲ ಮಾಡಿ ಮುಗಿಸುತ್ತಿದ್ದೆ.

ನನಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಬರುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಹಾಗಾಗಿ ಮನೆಯಲ್ಲಿ ನನಗೆ ಯಾರೂ ಬೇರೆ ಕೆಲಸ ಹೇಳುತ್ತಿರಲಿಲ್ಲ. ಅಡಿಗೆಮನೆ ಪೂರ್ತಿ ವೈನಿಯದು. ಚಹಾ ಬಿಟ್ಟರೆ ನಾನು ಒಲೆಯ ಮೇಲೆ ಏನನ್ನೂ ಇಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಅಡಿಗೆಯ ವಿಷಯವೇ.

ಒಂಬತ್ತನೇ ಇಯತ್ತೆಗೆ ನಾನು ರೇಖಾತ್ಮಕ ಸಮೀಕರಣ ಕಲಿಸುತ್ತಿದ್ದೆ. ‘ವೈ ಸಮ ಎಂ ಎಕ್ಸ್ ಅಧಿಕ ಸಿ’ ಎಂದು ಹಲಗೆಯ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ತರಗತಿಯಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ, ಅರ್ಧ ಕನ್ನಡ. ಎಕ್ಸು ವೈಗಳ ಮುಂದೆ ಎರಡೂ ಕಡೆಯವರು ಒಂದೇ ಸಮ ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಪಾರಿಶ್ವಾಡದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಕಿಟಕಿಯ ಪಕ್ಕದ ಬೆಂಚಿನವಳು. ಒಕ್ಕಲುತನದ ದೊಡ್ಡ ಕೂಡುಕುಟುಂಬ ಅವಳದು, ಮನೆಯಲ್ಲಿ ಹದಿನೆಂಟು ಜನ.

“ಅಕ್ಕೋರ, ಇದು ಮನ್ಯಾಗ ಎಲ್ಲಿ ಉಪಯೋಗ ಆಗ್ತೇತ್ರಿ?” ಎಂದು ಕೇಳಿದಳು.

ಕೇಳಿದ್ದರಲ್ಲಿ ಕುಹಕವಿರಲಿಲ್ಲ. ನನಗೆ ಮಾತ್ರ ಯಾರೋ ಸವಾಲು ಹಾಕಿದಂತಾಯಿತು. ಇನ್ನು ಮೂರು ವಾರಕ್ಕೆ, ಜನವರಿಯಲ್ಲಿ, ಶಾಲೆಯ ವಾರ್ಷಿಕ ಗ್ಯಾದರಿಂಗ್ ಇತ್ತು. ಅವತ್ತು ಎಲ್ಲ ಮಕ್ಕಳಿಗೂ ಶಾಲೆಯ ಹಿತ್ತಿಲಲ್ಲಿ ಮಸಾಲೆ ಅನ್ನದ ಊಟ. ಅದು ಥಟ್ಟನೆ ಹೊಳೆಯಿತು.

“ಗ್ಯಾದರಿಂಗಿನ ಅನ್ನಕ್ಕ ಎಷ್ಟು ನೀರು ಬೇಕು ಅನ್ನೂದು ಈ ಸಲ ನಾವು ಲೆಕ್ಕ ಮಾಡಿ ತಗಿಯೂಣು” ಎಂದೆ. “ಅಕ್ಕಿ ಅಂದ್ರ ಎಕ್ಸ್, ನೀರು ಅಂದ್ರ ವೈ. ಎಲ್ಲಾರೂ ಮನಿಗೆ ಹೋಗಿ ಅವ್ವನ್ನ ಕೇಳ್ಕೊಂಡು ಬರ್ರಿ, ಎಷ್ಟು ಗ್ಲಾಸು ಅಕ್ಕಿಗೆ ಎಷ್ಟು ಗ್ಲಾಸು ನೀರು ಹಾಕ್ತಾರಂತ.”

ಮಕ್ಕಳಿಗೆ ಅಂಥ ಮನೆಗೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಮಾರನೆಯ ದಿನ ಎಲ್ಲರೂ ಬರೆದು ತಂದಿದ್ದರು. ಹೆಚ್ಚಿನವರದು ಒಂದೇ ಉತ್ತರ: ಎರಡು ಗ್ಲಾಸು ಅಕ್ಕಿ, ಐದು ಗ್ಲಾಸು ನೀರು. ಒಂದಕ್ಕೆ ಎರಡೂವರೆ. ನಾನು ವೈನಿಯನ್ನು ಕೇಳಿದಾಗ ಅವರೂ ಅದನ್ನೇ ಹೇಳಿದ್ದರು. ಆದರೆ ಪಾರಿಶ್ವಾಡದ ಹುಡುಗಿ ಎಂಟು ಗ್ಲಾಸು ಅಕ್ಕಿಗೆ ಹದಿನಾಲ್ಕು ಗ್ಲಾಸು ನೀರು ಎಂದು ಬರೆದಿದ್ದಳು. ಎರಡೂವರೆಯ ಪ್ರಕಾರ ಅದು ಇಪ್ಪತ್ತಾಗಬೇಕಿತ್ತು.

“ಅವ್ವನ್ನ ಇನ್ನೊಮ್ಮೆ ಸರಿಯಾಗಿ ಕೇಳು” ಎಂದೆ.

ಮರುದಿನ ಅವಳು, “ಅವ್ವ ಅಷ್ಟ ಅಂದಳ್ರಿ, ಹದಿನಾಕು” ಎಂದಳು.

“ನಿಮ್ಮವ್ವ ಅಂದಾಜಿನ ಮ್ಯಾಲೆ ಹಾಕ್ತಾಳ. ನಾವು ಅಂದಾಜು ಬಿಟ್ಟು ಲೆಕ್ಕ ಕಲಿಯಾಕ ಕುಂತೀವಿ” ಎಂದು ನಾನು ಹೇಳಿದಾಗ ತರಗತಿ ನಕ್ಕಿತು. ನಗಲಿ ಅಂತಲೇ ನಾನು ಹಾಗೆ ಹೇಳಿದ್ದು. ಅವಳು ಕೂತು, ರಬ್ಬರಿನಿಂದ ಹದಿನಾಲ್ಕನ್ನು ಉಜ್ಜಿ ಇಪ್ಪತ್ತು ಎಂದು ಬರೆದುಕೊಂಡಳು. ಅವಳ ಕೈಯನ್ನು ನಾನು ನೋಡಿದೆ. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಲಗೆಯ ಮೇಲೆ ‘ವೈ ಸಮ ಎರಡೂವರೆ ಎಕ್ಸ್’ ಎಂದು ಬರೆದೆ. ಒಬ್ಬರು ಯಾರೋ, “ಮತ್ತ ಸಿ ಎಲ್ಲಿ ಹೋತ್ರಿ?” ಎಂದು ಕೇಳಿದರು. “ಅಕ್ಕಿ ಸೊನ್ನೆ ಇದ್ದರ ನೀರೂ ಸೊನ್ನೆ. ಇಲ್ಲಿ ಸಿ ಅಂದ್ರ ಸೊನ್ನೆ. ಅದನ್ನ ಬಿಟ್ಟುಬಿಡ್ರಿ” ಎಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂದ ಮಾತು ಅದು.

ಹೆಡ್‌ಮಾಸ್ತರರಿಗೆ ಈ ಪ್ರಯೋಗ ತುಂಬ ಹಿಡಿಸಿತು. ಅವರು ನಿವೃತ್ತಿಗೆ ಹತ್ತಿರವಿದ್ದ ಸಾಧು ಮನುಷ್ಯ. ಮುಖ್ಯ ಅತಿಥಿಗಳಿಗೂ ತೋರಿಸೋಣ ಎಂದು, ಲೆಕ್ಕವನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಬರೆಸಿ ಹಿತ್ತಿಲ ಗೋಡೆಗೆ ಅಂಟಿಸಲು ಹೇಳಿದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, “ಈ ಅಕ್ಕೋರು ಬೀಜಗಣಿತಾನ ಒಲಿ ತನಕ ತಂದಾರ ನೋಡ್ರಿ” ಎಂದರು. ಅವತ್ತು ಸಂಜೆ ಗಾಡಿಯಲ್ಲಿ ಕೂತು ಆ ಮಾತನ್ನು ಎಷ್ಟು ಸಲ ನೆನಪಿಸಿಕೊಂಡೆನೋ.

ಗ್ಯಾದರಿಂಗಿನ ಅಡಿಗೆಗೆ ಪ್ರತಿ ವರ್ಷ ಊರಿನ ಒಬ್ಬ ಹೆಂಗಸು ಬರುತ್ತಿದ್ದರು. ಐವತ್ತು ದಾಟಿದ, ಸಣಕಲು ಮೈಯ, ಕಚ್ಚೆ ಹಾಕಿ ಸೀರೆ ಉಡುವ ಹೆಂಗಸು. ಖಾನಾಪುರದಲ್ಲಿ ಮದುವೆ, ತೊಟ್ಟಿಲು, ಯಾವ ಕಾರ್ಯವಿದ್ದರೂ ಅವರದೇ ಅಡಿಗೆ. ಶಾಲೆಯಲ್ಲಿ ಎಲ್ಲರಿಗೂ ಅವರು ಮೌಶಿ, ಮರಾಠಿಯ ಚಿಕ್ಕಮ್ಮ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಓದು ಬರಹ ಬರುತ್ತಿರಲಿಲ್ಲ. ಎಲ್ಲರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ನನ್ನ ತಾಯಿಯ ವಯಸ್ಸಿನವರನ್ನು ಮೊದಲ ದಿನವೇ ನಾನೂ ಹಾಗೆಯೇ ಕರೆದೆ.

ಗ್ಯಾದರಿಂಗಿನ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಇಟ್ಟಿಗೆ ಇಟ್ಟು ಎರಡು ದೊಡ್ಡ ಒಲೆ ಹೂಡಿದ್ದರು. ಎರಡು ಹಂಡೆ. ಒಂದೊಂದಕ್ಕೂ ಹತ್ತು ಡಬ್ಬಾ ಅಕ್ಕಿ. ಅಕ್ಕಿ ಅಳೆದ ಅದೇ ತಗಡಿನ ಡಬ್ಬಾದಿಂದ ನೀರನ್ನೂ ಅಳೆಯಬೇಕು ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಗೋಡೆಯ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಉತ್ತರವಿತ್ತು: ಒಂದು ಹಂಡೆಗೆ ಇಪ್ಪತ್ತೈದು ಡಬ್ಬಾ ನೀರು.

ಮೌಶಿ ಒಗ್ಗರಣೆ ಹಾಕಿ, ಬಟಾಣಿ ಬಟಾಟಿ ಹುರಿದು, ನೀರು ಸುರಿಯತೊಡಗಿದರು. ಇಬ್ಬರು ಹುಡುಗಿಯರು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಹದಿನಾರಾದ ಮೇಲೆ ಮೌಶಿ ಡಬ್ಬಾವನ್ನು ಕೆಳಗಿಟ್ಟರು.

“ಇನ್ನೂ ಒಂಬತ್ತು” ಎಂದೆ ನಾನು.

“ಸಾಕ್ರಿ ಅಕ್ಕೋರ. ಹತ್ತು ಡಬ್ಬಾಕ್ಕ ಹದಿನಾರು ಬರೋಬರ್ ಆಗ್ತೇತಿ.”

“ಮನ್ಯಾಗ ಎರಡಕ್ಕ ಐದು ಹಾಕ್ತೀ ಇಲ್ಲೋ?”

“ಮನ್ಯಾಗ ಹಾಕ್ತೀವ್ರಿ. ಹಂಡ್ಯಾಗ ಅಷ್ಟು ಬ್ಯಾಡ್ರಿ.”

“ಅಕ್ಕಿ ಅದ ಅಕ್ಕಿ, ನೀರು ಅದ ನೀರು. ಪಾತ್ರೆ ದೊಡ್ಡದಾದ್ರ ಹೆಂಗ ಬದಲಾಗ್ತದ?”

ಮೌಶಿ ಸೆರಗಿನಿಂದ ಮುಖ ಒರೆಸಿಕೊಂಡರು. ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದರು ಎಂದು ಈಗ ಅನಿಸುತ್ತದೆ. ಆಗ ನನಗೆ ಅವರ ಬಳಿ ಉತ್ತರವಿಲ್ಲ ಎಂದೇ ಅನಿಸಿತು. “ಮೊದಲ ಹದಿನಾರು ಇರಲಿರಿ. ಅಕ್ಕಿ ಕೇಳಿದ್ರ ಮತ್ತ ಹಾಕೂಣು” ಎಂದರು.

ಸುತ್ತ ಮಕ್ಕಳು ನಿಂತಿದ್ದರು. ಹೆಡ್‌ಮಾಸ್ತರು ಬಾಗಿಲಲ್ಲಿದ್ದರು. ಗೋಡೆಯ ಮೇಲೆ ಹಾಳೆಯಿತ್ತು.

“ಮೌಶಿ, ಇದು ಅಂದಾಜಲ್ಲ, ಲೆಕ್ಕ. ನೀ ಸುಮ್ನ ಇಪ್ಪತ್ತೈದು ಹಾಕು” ಎಂದೆ.

ಅವರು ಹಾಕಿದರು. ಎರಡನೇ ಹಂಡೆಗೂ ಹಾಕಿದರು. ನೀರು ಕುದಿ ಬಂದು ಅಕ್ಕಿ ಸುರಿಯುವ ಮುಂಚೆ ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳದ ಹಾಗೆ ದನಿ ತಗ್ಗಿಸಿ, “ಈಗರ ಒಂದಿಷ್ಟು ಡಬ್ಬಾ ಹೊರಗ ತಗೀಲೇನ್ರಿ?” ಎಂದು ಕೇಳಿದರು.

“ಬ್ಯಾಡ. ಲೆಕ್ಕ ಕೆಡ್ತದ” ಎಂದೆ.

ಮುಂದಿನದನ್ನು ಬಹಳ ಹೇಳಬೇಕಾಗಿಲ್ಲ. ಅಕ್ಕಿ ಬೆಂದಿತು, ನೀರು ಹಾಗೇ ಉಳಿಯಿತು. ಇಂಗಲಿ ಎಂದು ಉರಿ ಹೆಚ್ಚಿಸಿದರು. ಮೇಲೆ ಗಂಜಿಯಾಗಿಯೇ ಇದ್ದುದು ತಳದಲ್ಲಿ ಹೊತ್ತಿತು. ಮೌಶಿ ಹೊತ್ತಿದ ತಳವನ್ನು ಮುಟ್ಟದೆ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು, ಏನಾದರೂ ಉಳಿಸಬಹುದೇ ಎಂದು ಒದ್ದಾಡುತ್ತಿದ್ದರು. ನಾನು ಅಲ್ಲಿಂದ ಸರಿದು, ವೇದಿಕೆಯ ಕಡೆ ಏನೋ ಕೆಲಸವಿದೆ ಎನ್ನುವಂತೆ ಹೋಗಿ ನಿಂತೆ. ಊಟಕ್ಕೆ ಬಡಿಸಿದಾಗ ಮಸಾಲೆ ಅನ್ನ ಪತ್ರಾವಳಿಯಿಂದ ಹರಿದು ಮಕ್ಕಳ ಲಂಗ, ಚಡ್ಡಿಯ ಮೇಲೆ ಬಿತ್ತು. ಹೊಗೆಯ ವಾಸನೆ. ಮುಖ್ಯ ಅತಿಥಿಗಳು ಎರಡು ತುತ್ತು ತಿಂದು ಕೈ ತೊಳೆದರು. ಮಕ್ಕಳ ಸಾಲಿನಲ್ಲಿ ಯಾರೋ “ಮಸಾಲಿ ಅಂಬಲಿ” ಎಂದರು, ಆ ಹೆಸರು ಸಾಲಿನುದ್ದಕ್ಕೂ ಓಡಿತು.

ಅತಿಥಿಗಳು ಹೋದ ಮೇಲೆ ಹೆಡ್‌ಮಾಸ್ತರು ಹಿತ್ತಿಲಿಗೆ ಬಂದರು. ಮೌಶಿ ಹಂಡೆ ಉಜ್ಜಲು ಕೂತಿದ್ದವರು ಎದ್ದು ನಿಂತರು. ಹಿಂದೆ ಐದಾರು ಮಂದಿ ಮಾಸ್ತರರು, ನನ್ನ ತರಗತಿಯ ಮಕ್ಕಳು, ನಾನು.

“ಏನ ಮೌಶಿ, ಇಷ್ಟು ವರ್ಷ ಅಡಗಿ ಮಾಡಿದಾಕಿ ಇವತ್ತ ಹಿಂಗ ಯಾಕ ಆತು?” ಎಂದರು. ಸಿಟ್ಟು ಮಾಡುವ ಮನುಷ್ಯನಲ್ಲ ಅವರು. ಆದರೆ ಅತಿಥಿಗಳ ಮುಂದೆ ಆದ ಅವಮಾನ ಅವರ ಮುಖದಲ್ಲಿತ್ತು.

ಮೌಶಿ ಬೂದಿಗೈಯನ್ನು ಸೆರಗಿಗೆ ಒರೆಸಿಕೊಂಡರು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದರು. ಒಂದು ಮಾತು ಸಾಕಿತ್ತು. ‘ನಾನೇ ಹಾಕಿಸಿದೆ ಸರ್’ ಎನ್ನಲು ಎಷ್ಟು ಹೊತ್ತು ಬೇಕು. ಮಕ್ಕಳ ಮುಖಗಳೆಲ್ಲ ನನ್ನ ಕಡೆ ತಿರುಗುತ್ತಿವೆ ಅನಿಸಿತು. ನಾನು ಕೈಯಲ್ಲಿದ್ದ ಕಾರ್ಯಕ್ರಮದ ಪಟ್ಟಿಯನ್ನು ಓದುವವಳಂತೆ ತಲೆ ತಗ್ಗಿಸಿದೆ.

“ಹೊಸಾ ಅಕ್ಕಿರಿ ಸರ್. ನನ್ನ ಅಂದಾಜು ತಪ್ಪಿತು” ಎಂದರು ಮೌಶಿ.

“ಮುಂದಿನ ವರ್ಷ ಬೆಳಗಾವಿಯಿಂದ ಕೇಟರಿಂಗಿನವರನ್ನ ಕರಸೂಣು” ಎಂದು ಹೆಡ್‌ಮಾಸ್ತರು ಪಕ್ಕದವರಿಗೆ ಹೇಳುತ್ತಾ ಒಳಗೆ ಹೋದರು. ಮೌಶಿ ಮತ್ತೆ ಕೂತು ಹಂಡೆ ಉಜ್ಜತೊಡಗಿದರು. ನಾನು ಗೋಡೆಯ ಹಾಳೆಯನ್ನು ಕಿತ್ತು, ಸುರುಳಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ. ಮನೆಯಲ್ಲಿ ವೈನಿ, “ಊಟ ಹೆಂಗಾತು?” ಎಂದು ಕೇಳಿದರು. “ಚಲೋ ಆತು” ಎಂದೆ.

ಇಷ್ಟಕ್ಕೇ ಮುಗಿದಿದ್ದರೂ ನಾಚಿಕೆಗೆ ಸಾಕಿತ್ತು. ಸೋಮವಾರ ತರಗತಿಗೆ ಹೋದಾಗ ಪಾರಿಶ್ವಾಡದ ಹುಡುಗಿ ಎದ್ದು, “ಅಕ್ಕೋರ, ನಮ್ಮ ಲೆಕ್ಕ ತಪ್ಪಿತ್ತೇನ್ರಿ?” ಎಂದು ಕೇಳಿದಳು.

“ಲೆಕ್ಕ ತಪ್ಪಂಗಿಲ್ಲ. ಮೌಶಿ ಅಳೆಯೂದು ತಪ್ಪಿರಬೇಕು” ಎಂದೆ.

ಪಕ್ಕದಲ್ಲೇ ನಿಂತು ಡಬ್ಬಾ ಎಣಿಸಿದ್ದ ಹುಡುಗಿಯರಿಬ್ಬರು ಮೊದಲ ಬೆಂಚಿನಲ್ಲಿ ಕೂತಿದ್ದರು. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಮುಂದಿನ ಅಧ್ಯಾಯ ತೆಗೆಯಲು ಹೇಳಿದೆ. ಹಿತ್ತಿಲಲ್ಲಿ ನಾನು ಹೆದರಿ ಸುಮ್ಮನಿದ್ದೆ. ತರಗತಿಯಲ್ಲಿ ನನ್ನನ್ನು ಯಾರೂ ಹೆದರಿಸಿರಲಿಲ್ಲ. ಅಲ್ಲಿ ಬೇಕೆಂದೇ ಸುಳ್ಳು ಹೇಳಿದೆ, ಅದೂ ಗಣಿತದ ಹೆಸರಿನಲ್ಲಿ. ಇವತ್ತಿಗೂ ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದು.

ಲೆಕ್ಕ ಎಲ್ಲಿ ತಪ್ಪಿತು ಎನ್ನುವುದು ಗೊತ್ತಾಗಲು ಬೇಸಿಗೆ ರಜೆಯವರೆಗೆ ಬೇಕಾಯಿತು. ವೈನಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅಡಿಗೆ ನನ್ನ ಪಾಲಿಗೆ ಬಂತು. ನನಗೂ ಅಣ್ಣನಿಗೂ ಎರಡು ಗ್ಲಾಸು ಅಕ್ಕಿ, ಐದು ಗ್ಲಾಸು ನೀರು, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಅನ್ನ ಉದುರುದುರಾಗಿ ಬರುತ್ತಿತ್ತು. ಒಂದು ಭಾನುವಾರ ಅಣ್ಣ ತನ್ನ ಆಫೀಸಿನವರನ್ನು ಊಟಕ್ಕೆ ಕರೆದ. ಎಂಟು ಗ್ಲಾಸು ಅಕ್ಕಿ ಇಟ್ಟೆ. ಇಪ್ಪತ್ತು ಗ್ಲಾಸು ನೀರು ಹಾಕಿದೆ. ಇಳಿಸಿ ನೋಡಿದರೆ ಖಾನಾಪುರದ ಹಿತ್ತಿಲಿನದೇ ಅಂಬಲಿ.

“ಗಣಿತದ ಟೀಚರ್ ಅನ್ನ ಇದು” ಎಂದು ಅಣ್ಣ ನಕ್ಕ. ನಾನು ನಗಲಿಲ್ಲ. ಅವರೆಲ್ಲ ಹೋದ ಮೇಲೆ, ಮಧ್ಯಾಹ್ನವೇ, ಮತ್ತೆ ಒಲೆ ಹೊತ್ತಿಸಿ ನಾಲ್ಕು ಗ್ಲಾಸು ಅಕ್ಕಿ ಇಟ್ಟೆ. ಐದು ಗ್ಲಾಸು ನೀರು ಹಾಕಿ, ಆಮೇಲೆ ಅನ್ನ ಕೇಳಿದಷ್ಟು ಅರ್ಧರ್ಧ ಗ್ಲಾಸು ಬಿಸಿನೀರು ಹಾಕುತ್ತಾ ಹೋದೆ. ಎಂಟಕ್ಕೆ ಸಾಕಾಯಿತು. ಹತ್ತಲ್ಲ, ಎಂಟು. ಆ ವಾರದಲ್ಲಿ ಇನ್ನೂ ಎರಡು ಸಲ ಮಾಡಿದೆ. ಅಣ್ಣ ಬೆಳಿಗ್ಗೆ ಸಂಜೆ ಅನ್ನ ತಿಂದು ಸುಸ್ತಾದ. ಎಂಟು ಗ್ಲಾಸು ಅಕ್ಕಿಗೆ ನೀರು ಹದಿನಾಲ್ಕಕ್ಕೆ ನಿಂತಾಗ ನಾನು ಅಡಿಗೆಮನೆಯಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಗ್ರಾಫ್ ಹಾಳೆ ತಂದು ಮೂರು ಚುಕ್ಕೆ ಇಟ್ಟೆ. ಎರಡಕ್ಕೆ ಐದು, ನಾಲ್ಕಕ್ಕೆ ಎಂಟು, ಎಂಟಕ್ಕೆ ಹದಿನಾಲ್ಕು. ಪಟ್ಟಿ ಹಿಡಿದು ಎಳೆದರೆ ಮೂರೂ ಒಂದೇ ಗೆರೆಯ ಮೇಲೆ ಬಂದವು. ಆದರೆ ಆ ಗೆರೆ ಸೊನ್ನೆಯ ಮೂಲಕ ಹೋಗುತ್ತಿರಲಿಲ್ಲ. ಎರಡು ಮನೆ ಮೇಲೆ ಹಾಯುತ್ತಿತ್ತು. ಒಂದು ಗ್ಲಾಸು ಅಕ್ಕಿಗೆ ಒಂದೂವರೆ ಗ್ಲಾಸು ನೀರು, ಅದರ ಮೇಲೆ ಎರಡು ಗ್ಲಾಸು, ಅಕ್ಕಿ ಎಷ್ಟೇ ಇರಲಿ. ನಾನು ಮಕ್ಕಳಿಗೆ ಬಿಟ್ಟುಬಿಡಿ ಎಂದು ಹೇಳಿದ್ದ ಸಿ ಅದು. ಸಮೀಕರಣ ಸುಳ್ಳಾಗಿರಲಿಲ್ಲ. ಅದರ ಅರ್ಧವನ್ನು ನಾನೇ ಅಳಿಸಿದ್ದೆ. ಉಳಿದರ್ಧವನ್ನು ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದ ಹುಡುಗಿಯ ಕೈಯಿಂದಲೇ ಉಜ್ಜಿಸಿದ್ದೆ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಮೊದಲ ದಿನವೇ ಮೌಶಿಯ ಮನೆಗೆ ಹೋಗಬೇಕೆಂದುಕೊಂಡಿದ್ದೆ. ಮಳೆ ಜಾಸ್ತಿ, ಗಾಡಿ ತಪ್ಪುತ್ತದೆ, ಅಂತ ಒಂದೊಂದು ನೆವ ಹೇಳಿಕೊಂಡು ಮೂರು ವಾರ ಕಳೆದೆ. ಕೊನೆಗೆ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ಪೇಟೆಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದೆ. ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮೌಶಿ ಬಾಗಿಲ ಹೊಸ್ತಿಲ ಒಳಗೆ ಕೂತು ಕಡ್ಡಿ ಚುಚ್ಚಿ ಪತ್ರಾವಳಿ ಕಟ್ಟುತ್ತಿದ್ದರು.

“ಬರ್ರಿ ಅಕ್ಕೋರ. ಕುಂದರ್ರಿ” ಎಂದು ಚಾಪೆ ಸರಿಸಿದರು. ನಾನು ಬಂದದ್ದಕ್ಕೆ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ನಾನು ಗಾಡಿಯಲ್ಲಿ ಕಲಿತುಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. “ಅವತ್ತಿನ ಅನ್ನದ್ದು ತಪ್ಪು ನನ್ನದ್ರಿ ಮೌಶಿ. ನೀವು ಹೇಳಿದ್ದ ಖರೇ ಇತ್ತು” ಎಂದೆ. ಅವರಿಗೆ ನೀವು ಎಂದದ್ದು ಅದೇ ಮೊದಲು.

“ನಂಗ ಗೊತ್ತೈತ್ರಿ” ಎಂದರು.

“ಅಷ್ಟು ನೀರು ಬ್ಯಾಡ ಅಂತ ನಿಮಗ ಹೆಂಗ ಗೊತ್ತಾಗ್ತದ?”

ಮೌಶಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. “ಹಂಡ್ಯಾಗಿನ ನೀರು ಇಬ್ಬರು ಕುಡಿತಾರ್ರಿ. ಅಕ್ಕಿ ಕುಡಿತೇತಿ, ಬೆಂಕಿ ಕುಡಿತೇತಿ. ಅಕ್ಕಿ ಜಾಸ್ತಿ ಆದ್ರ ಅಕ್ಕಿದು ಜಾಸ್ತಿ ಆಗ್ತೇತಿ. ಬೆಂಕಿದು ಅಷ್ಟ ಇರತೈತಿ. ಹತ್ತು ಡಬ್ಬಾ ಅಕ್ಕಿಗೆ ಹದಿನೈದು, ಬೆಂಕಿಗೆ ಒಂದು. ಹದಿನಾರು.”

“ಹನ್ನೆರಡು ಡಬ್ಬಾ ಆದ್ರ?”

“ಹದಿನೆಂಟು. ಮತ್ತ ಬೆಂಕಿಗೆ ಅದ ಒಂದು. ಹಂಡೆ ಬದಲಾದ್ರ, ಕಟಗಿ ಹಸಿ ಇದ್ರ ಒಂದು ತಂಬಿಗಿ ಆಕಡೆ ಈಕಡೆ.”

ಒಂದು ವಾರ ಅನ್ನ ಬೇಯಿಸಿ, ಗ್ರಾಫ್ ಹಾಳೆಯ ಮೇಲೆ ನಾನು ಹುಡುಕಿದ್ದನ್ನು ಅವರು ಕೂತಲ್ಲೇ ಹೇಳಿ ಮುಗಿಸಿದರು. ಅಕ್ಕಿಯ ಪಾಲು, ಬೆಂಕಿಯ ಪಾಲು. ಅವತ್ತು ಹಿತ್ತಿಲಲ್ಲಿ ನಾನು ಅರ್ಧ ನಿಮಿಷ ಸುಮ್ಮನಿದ್ದು ‘ಯಾಕೆ’ ಎಂದು ಕೇಳಿದ್ದರೆ ಅವರು ಇದನ್ನೇ ಹೇಳುತ್ತಿದ್ದರು.

“ಇದನ್ನ ಅವತ್ತ ಹೇಳಬೇಕಿತ್ತಲ್ರಿ” ಎಂದುಬಿಟ್ಟೆ.

“ಎರಡು ಸಲ ಹೇಳಿದ್ನೆಲ್ರಿ.”

“ಅಲ್ಲ. ಹೆಡ್‌ಮಾಸ್ತರ ಕೇಳಿದಾಗ. ನನ್ನ ಹೆಸರ ಯಾಕ ಹೇಳಲಿಲ್ಲ?”

ಮೌಶಿ ನನ್ನ ಮುಖ ನೋಡಿದರು. “ನೀವು ಹೇಳ್ತೀರಿ ಅಂತ ನಿಂತೆ. ಹೇಳಲಿಲ್ಲ. ಹುಡುಗ್ರೆಲ್ಲಾ ನೋಡಾಕತ್ತಿದ್ರು. ಅವರ ಮುಂದ ನಿಮಗ ಯಾಕ ತಲಿ ತಗ್ಗಸೂದು ಅನ್ನಿಸ್ತು. ನಾನು ಒಂದು ದಿನ ಬೈಸ್ಕೊಂಡು ಹೋಗಾಕಿ, ನೀವು ದಿನಾ ನಿಂತು ಕಲಸೂವ್ರು.” ಎಲೆಯನ್ನು ಮತ್ತೆ ಕೈಗೆತ್ತಿಕೊಂಡರು. “ಆದ್ರ ಅದು ಒಂದು ದಿನಕ್ಕ ಮುಗೀಲಿಲ್ರಿ. ಊರಾಗ ಮಾತು ಹಬ್ಬಿತು. ಸಾಲಿ ಅನ್ನ ಕೆಡಸಿದಾಕಿ ಅಂತಾರ. ಈ ಬ್ಯಾಸಗ್ಯಾಗ ಎರಡು ಲಗ್ನದವರು ಬ್ಯಾರೆದವರನ್ನ ಕರಕೊಂಡ್ರು.”

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದರು. ನಾನು ಕುಡಿದೆ. ಹೊರಡುವಾಗ ಮತ್ತೊಮ್ಮೆ, “ತಪ್ಪಾತ್ರಿ ಮೌಶಿ” ಎಂದೆ.

“ಇಲ್ಲಿ ಬಂದು ನಂಗ ಹೇಳಿದ್ರ ಏನಾತ್ರಿ ಅಕ್ಕೋರ? ನಂಗ ಮೊದಲ ಗೊತ್ತಿತ್ತು” ಎಂದರು. “ಅಲ್ಲಿ ಹೇಳಬೇಕಿತ್ತು.”

ಸೋಮವಾರ ಮೊದಲು ಹೆಡ್‌ಮಾಸ್ತರರ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕೇಳಿದರು. ಆಮೇಲೆ ನಕ್ಕರು.

“ನೀವು ಭಾಳ ಒಳ್ಳೇರು ಇದ್ದೀರಿ. ಬಡವಿ ಅಂತ ಆಕಿ ಮ್ಯಾಲಿನ ತಪ್ಪು ನಿಮ್ಮ ಮ್ಯಾಲೆ ಹಾಕೋಳಾಕತ್ತೀರಿ. ಆದ್ರ ಆಕಿ ಕೈಹಿಡಿತ ತಪ್ಪೇತಿ ಅಂತ ಊರಾಗ ಎಲ್ಲಾರಿಗೂ ಗೊತ್ತೈತಿ. ಮುಂದಿನ ಗ್ಯಾದರಿಂಗಿಗೆ ಬ್ಯಾರೆ ವ್ಯವಸ್ಥಾ ಆಗೇತಿ, ನೀವು ತಲಿ ಕೆಡಿಸ್ಕೋಬ್ಯಾಡ್ರಿ.”

“ಖರೇನ ಸರ್, ನಾನ ಹಾಕಿಸಿದ್ದು. ಹುಡುಗ್ರನ್ನ ಕೇಳ್ರಿ” ಎಂದೆ. “ಆತು ಆತು” ಎಂದು ಅವರು ರಜಿಸ್ಟರ್ ತೆಗೆದರು. ಜನವರಿಯಲ್ಲಿ ಒಂದು ಮಾತಿಗೆ ತೂಕವಿತ್ತು. ಜುಲೈ ಹೊತ್ತಿಗೆ ಅದೇ ಮಾತು ನನ್ನ ಒಳ್ಳೆಯತನದ ಲೆಕ್ಕಕ್ಕೆ ಸೇರಿಹೋಯಿತು. ಕೋಣೆಯಿಂದ ಹೊರಗೆ ಬರುವಾಗ, ತಪ್ಪು ಒಪ್ಪಿಕೊಂಡು ಹೊಗಳಿಕೆ ತೆಗೆದುಕೊಂಡು ಬಂದಂತಾಗಿತ್ತು.

ತರಗತಿಯಲ್ಲಿ ಮಾತ್ರ ನಂಬಿದರು. ಅದೇ ಮಕ್ಕಳು ಈಗ ಹತ್ತನೇ ಇಯತ್ತೆಯಲ್ಲಿದ್ದರು. ಹಲಗೆಗೆ ಬೆನ್ನು ಹಾಕಿ ನಿಂತು, “ಹೋದ ವರ್ಷದ ಅನ್ನ ಕೆಟ್ಟದ್ದು ಮೌಶಿಯಿಂದಲ್ಲ, ನನ್ನಿಂದ. ಅವರ ಅಳತಿ ತಪ್ಪಿತ್ತು ಅಂತ ಆಮೇಲೆ ನಾನು ನಿಮಗ ಸುಳ್ಳು ಹೇಳಿದೆ” ಎಂದೆ. ಡಬ್ಬಾ ಎಣಿಸಿದ್ದ ಹುಡುಗಿಯರಿಬ್ಬರೂ ತಲೆ ತಗ್ಗಿಸಿದರು, ತಪ್ಪು ಅವರದೇ ಎನ್ನುವ ಹಾಗೆ. ಪಾರಿಶ್ವಾಡದ ಹುಡುಗಿಯನ್ನು ಹಲಗೆಗೆ ಕರೆದು, “ನಿಮ್ಮವ್ವ ಎಂಟಕ್ಕ ಎಷ್ಟು ಅಂದಿದ್ಲು?” ಎಂದು ಕೇಳಿದೆ.

“ಹದಿನಾಕು ಅಂದಿದ್ಲು. ನೀವು ಇಪ್ಪತ್ತು ಅಂದ್ರಿ” ಎಂದಳು.

“ನಿಮ್ಮವ್ವ ಅಂದಿದ್ದನ್ನ ಬರಿ. ಉಳಿದವರ ಎರಡಕ್ಕ ಐದನ್ನೂ ಬರಿ.”

ಅವಳೇ ಎರಡು ಸಮೀಕರಣ ಬರೆದಳು. ಎರಡು ಎಂ ಅಧಿಕ ಸಿ ಸಮ ಐದು. ಎಂಟು ಎಂ ಅಧಿಕ ಸಿ ಸಮ ಹದಿನಾಲ್ಕು. ಒಂದರಿಂದ ಇನ್ನೊಂದನ್ನು ಕಳೆದಳು. ಆರು ಎಂ ಸಮ ಒಂಬತ್ತು. ಎಂ ಒಂದೂವರೆ, ಸಿ ಎರಡು. ಇದು ಅಕ್ಕಿಯ ಪಾಲು, ಇದು ಬೆಂಕಿಯ ಪಾಲು ಎಂದು ನಾನು ವಿವರಿಸಿದೆ. ಇದನ್ನು ನನಗೆ ಹೇಳಿಕೊಟ್ಟವರು ಮೌಶಿ ಎಂದೂ ಹೇಳಿದೆ. ಅಷ್ಟು ಚೆನ್ನಾಗಿ ಆ ಪಾಠ ಮತ್ತೆಂದೂ ಆಗಲಿಲ್ಲ. ಗಂಟೆ ಹೊಡೆದಾಗ ಆ ಹುಡುಗಿ, “ಅವ್ವಗ ಹೇಳ್ತೇನ್ರಿ” ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋದಳು.

ಮುಂದಿನ ಗ್ಯಾದರಿಂಗಿಗೆ ಬೆಳಗಾವಿಯಿಂದ ಟೆಂಪೋದಲ್ಲಿ ಊಟ ಬಂತು. ಮೌಶಿಗೆ ಮದುವೆಯ ಅಡಿಗೆಗಳು ನಿಧಾನಕ್ಕೆ ಮತ್ತೆ ಸಿಗತೊಡಗಿದವು ಎಂದು ಕೇಳಿದೆ. ಅದು ನನ್ನಿಂದ ಆದದ್ದಲ್ಲ, ಅವರ ಕೈಯಿಂದಲೇ ಆದದ್ದು. ಪೇಟೆಯಲ್ಲಿ ಎದುರಾದರೆ “ಆರಾಮ್ರೀ ಅಕ್ಕೋರ?” ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಇನ್ನೊಂದು ವರ್ಷ ಕಳೆದು ನನಗೆ ಬೆಳಗಾವಿಯಲ್ಲೇ ಕೆಲಸ ಸಿಕ್ಕಿತು, ಖಾನಾಪುರದ ಗಾಡಿಯ ಓಡಾಟ ನಿಂತಿತು.

ಬೆಳಗಾವಿಗೆ ಬಂದ ಮೇಲೆ ಗಣಿತ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ದಿನನಿತ್ಯದ ಬದುಕಿನಿಂದ ಬೀಜಗಣಿತ ಕಲಿಸುವುದು ಹೇಗೆ ಎಂದು ಒಬ್ಬೊಬ್ಬರೂ ಒಂದೊಂದು ಉದಾಹರಣೆ ಕೊಡಬೇಕಿತ್ತು. ನನ್ನ ಸರದಿ ಬಂದಾಗ ಅನ್ನದ ಲೆಕ್ಕ ಹೇಳಿದೆ. ಅಕ್ಕಿಯ ಪಾಲು, ಬೆಂಕಿಯ ಪಾಲು. ಗೆರೆ ಎಳೆದು ತೋರಿಸಿದೆ. ಎಲ್ಲರಿಗೂ ಹಿಡಿಸಿತು. ಹಲವರು ಬರೆದುಕೊಂಡರು. ಹಿಂದಿನ ಸಾಲಿನ ಒಬ್ಬರು, “ಸಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಬೇಕಿತ್ತು” ಎಂದರು.

ಉದಾಹರಣೆ ನನ್ನ ಬಳಿ ಇತ್ತು. ಹಂಡೆ, ಹಾಳೆ, ಇಪ್ಪತ್ತೈದು ಡಬ್ಬಾ, ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ಬಾಯಿಂದ ಬಂದದ್ದು, “ನಮ್ಮ ಶಾಲೆಯಲ್ಲಿ ಒಬ್ಬ ಟೀಚರ್ ಇದ್ದರು” ಎಂದು.

ಮಸಾಲೆ ಅಂಬಲಿಯ ಮಾತು ಬಂದಾಗ ಇಡೀ ಕೋಣೆ ಆ ಟೀಚರನ್ನು ನೆನೆದು ನಕ್ಕಿತು. ನಾನೂ ಅವರ ಜೊತೆ ಸೇರಿ ನಕ್ಕೆ.